ಆಪ್ತಸಲಹೆ ಪ್ರಕರಣ: ‘ಕರ್ವಾಲೊ ಥರದ್ದೇ ಇನ್ನೊಂದು ಕೊಡಿ’

ಓದುಗ ಸಲಹೆಗೆ, ಅಂದರೆ ಮುಂದೆ ಯಾವ ಪುಸ್ತಕ ಓದಲಿ ಎಂದು ಕೇಳಲು, ಬರುವವರು ಹೆಚ್ಚಾಗಿ ಹೇಳುವುದು ಒಂದೇ ದೂರು: ‘ಒಂದು ಪುಸ್ತಕ ತುಂಬಾ ಹಿಡಿಸಿತು, ಆಮೇಲೆ ಯಾವುದೂ ಹಿಡಿಸ್ತಿಲ್ಲ.’ ಪುಸ್ತಕದ ಹೆಸರು ಮಾತ್ರ ಬೇರೆಯಾಗಿರುತ್ತದೆ. ಆ ದೂರಿಗೆ ಸುತ್ತಲಿನವರು ಕೊಟ್ಟಿರುವ ಉತ್ತರವೂ ಪ್ರತಿ ಸಲ ಒಂದೇ ರೀತಿ ತಪ್ಪಾಗಿರುತ್ತದೆ. ಆದ್ದರಿಂದ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದೆ.

ಬಂದವರು 46 ವರ್ಷದ ಮಹಿಳೆ, ಲೆಕ್ಕಪತ್ರ ವಿಭಾಗದ ನೌಕರಿ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಡಿಗ್ರಿ ಮುಗಿದ ಮೇಲೆ ಕತೆ ಪುಸ್ತಕ ಮುಟ್ಟಿರಲಿಲ್ಲ. ತವರಿಗೆ ಹೋದಾಗ ಅಣ್ಣನ ಕಪಾಟಿನಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೈಗೆ ಸಿಕ್ಕಿತು, ಎರಡೇ ದಿನದಲ್ಲಿ ಮುಗಿಯಿತು. ಇಂಥದ್ದೇ ಇನ್ನೊಂದು ಬೇಕೆಂದು ಕಂಡಕಂಡವರನ್ನು ಕೇಳಿದರು. ಕಾಡಿನ ಪುಸ್ತಕ ಇಷ್ಟವಾಗಿದೆ ಎಂದುಕೊಂಡ ಅಣ್ಣ ಬೇಟೆಯ ಅನುಭವಗಳ ಅನುವಾದ ಕೊಟ್ಟ. ಸಹೋದ್ಯೋಗಿಯೊಬ್ಬರು ಹಕ್ಕಿಗಳ ಬಗೆಗಿನ ಪುಸ್ತಕ ತಂದುಕೊಟ್ಟರು. ಮಗಳ ಕಾಲೇಜಿನ ಕನ್ನಡ ಮೇಷ್ಟ್ರು, ಮಲೆನಾಡು ಅಂದರೆ ಅದೇ ಎಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹೇಳಿದರು. ಎಲ್ಲವೂ ಅರ್ಧಕ್ಕೆ ನಿಂತು ಮಂಚದ ಪಕ್ಕದ ಸ್ಟೂಲಿನ ಮೇಲೆ ಪೇರಿಕೊಂಡವು. ‘ಮೊಬೈಲ್ ನೋಡಿ ನೋಡಿ ನನ್ನ ತಲೆನೇ ಕೆಟ್ಟಿದೆ ಮೇಡಂ, ಓದೋ ಶಕ್ತಿ ಹೋಯ್ತು’ ಎಂಬ ತೀರ್ಮಾನದೊಡನೆ ಆಕೆ ಬಂದಿದ್ದರು.

ಮೊದಲ ಭೇಟಿಯಲ್ಲಿ ಪುಸ್ತಕದ ಮಾತೇ ಎತ್ತಲಿಲ್ಲ. ಓದಲಾಗುತ್ತಿಲ್ಲ ಎನ್ನುವವರಲ್ಲಿ ಕೆಲವರಿಗೆ ತೊಂದರೆ ಇರುವುದು ಓದಿನದ್ದಲ್ಲ. ನಿದ್ದೆ, ಊಟ, ಮೊದಲು ಖುಷಿ ಕೊಡುತ್ತಿದ್ದ ಬೇರೆ ಸಂಗತಿಗಳು, ಇವೂ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ಅಂಥವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಡುತ್ತೇವೆ, ಕಾದಂಬರಿಯನ್ನಲ್ಲ. ಈಕೆಗೆ ದಣಿವಿತ್ತು, ಅಷ್ಟೇ. ಧಾರಾವಾಹಿ ನೋಡಿ ನಗುತ್ತಿದ್ದರು, ಊಟ ರುಚಿಸುತ್ತಿತ್ತು.

ಎರಡನೆಯ ಭೇಟಿಯಲ್ಲಿ ಕೇಳಿದ್ದು ಇಷ್ಟು: ‘ಪುಸ್ತಕ ತೆಗೀಬೇಡಿ. ಓದಿಲ್ಲದವರಿಗೆ ಹೇಳೋ ಹಾಗೆ ಕರ್ವಾಲೊ ಕತೆ ಹೇಳಿ.’

ಆಕೆ ಶುರುಮಾಡಿದ್ದೇ ಮಂದಣ್ಣನಿಂದ. ಅವನ ಮದುವೆಯ ಪಾಡು, ಊರವರ ಕಣ್ಣಿಗೆ ದಡ್ಡನಾದವನು ಕಾಡೊಳಗೆ ಮೇಷ್ಟ್ರಾಗುವುದು. ಅಲ್ಲಿಂದ ಬಿರಿಯಾನಿ ಕರಿಯಪ್ಪ. ಆಮೇಲೆ ಪ್ಯಾರ, ಎಂಗ್ಟ, ಕಿವಿ ಅನ್ನೋ ನಾಯಿ. ಒಬ್ಬರಾದ ಮೇಲೊಬ್ಬರ ಮಾತನ್ನು ಅವರವರ ದನಿಯಲ್ಲೇ ಹೇಳುತ್ತ, ತಾವೇ ನಗುತ್ತ ಹೋದರು. ಓದುವ ಶಕ್ತಿ ಹೋದವರ ನೆನಪು ಹೀಗಿರುವುದಿಲ್ಲ. ಕತೆ ಮುಗಿಯುತ್ತ ಬಂದರೂ ಒಂದು ಸಂಗತಿ ಬರಲೇ ಇಲ್ಲ. ‘ಅಲ್ಲಾ, ಇವರೆಲ್ಲ ಗುಂಪು ಕಟ್ಟಿಕೊಂಡು ಕಾಡಿಗೆ ಹೋದದ್ದು ಯಾಕೆ?’ ಎಂದೆ.

‘ಅಯ್ಯೋ ಹೌದಲ್ಲ! ಓತಿ. ಹಾರೋ ಓತಿ ಹುಡುಕೋಕೆ. ಸಿಗುತ್ತೆ, ಆಮೇಲೆ ಹಾರಿಹೋಗುತ್ತೆ.’ ತುಸು ಸುಮ್ಮನಿದ್ದು ಸೇರಿಸಿದರು: ‘ಅದು ಸಿಗದಿದ್ರೂ ನಂಗೇನೂ ಬೇಜಾರಾಗ್ತಿರಲಿಲ್ಲ ಮೇಡಂ. ಅವರು ಹಿಂಗೇ ಮಾತಾಡ್ತಾ ಇದ್ದಿದ್ರೆ ಸಾಕಿತ್ತು.’

(ಇನ್ನೂ ಓದದವರು ಕ್ಷಮಿಸಬೇಕು. ಓತಿಯ ಕೊನೆ ತಿಳಿದರೂ ಆ ಕಾದಂಬರಿಯ ರುಚಿ ಕೆಡುವುದಿಲ್ಲ.)

ಇಡೀ ಪ್ರಕರಣ ಈ ಮಾತಿನಲ್ಲಿತ್ತು. ಎಲ್ಲರೂ ಆಕೆಗೆ ಓತಿಯನ್ನೇ ಹುಡುಕಿಕೊಟ್ಟಿದ್ದರು. ಆಕೆಗೆ ಬೇಕಿದ್ದುದು ಅದನ್ನು ಹುಡುಕಲು ಹೊರಟವರ ಹರಟೆ. ಬೇಟೆಯ ಪುಸ್ತಕದಲ್ಲಿ ಕಾಡಿದೆ, ಆದರೆ ಬಹುಮಟ್ಟಿಗೆ ಒಬ್ಬನೇ ಮನುಷ್ಯ, ಬಂದೂಕು, ಮೌನ. ಹಕ್ಕಿಯ ಪುಸ್ತಕದಲ್ಲಿ ಮನುಷ್ಯರೇ ಇಲ್ಲ. ವಿಷಯ ಹೊಂದಿಸಿ ಪುಸ್ತಕ ಕೊಟ್ಟಾಗ ಆಗುವ ಎಡವಟ್ಟು ಇದು. ಒಳ್ಳೆಯ ಓದುಗರೂ ಇದನ್ನೇ ಮಾಡುತ್ತಾರೆ, ಗ್ರಂಥಾಲಯದ ಕಪಾಟುಗಳೂ ವಿಷಯವಾರು ಜೋಡಣೆಯಿಂದ ಇದನ್ನೇ ಕಲಿಸುತ್ತವೆ.

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಪುಸ್ತಕಕ್ಕೆ ನಾಲ್ಕು ಬಾಗಿಲು ಎನ್ನುತ್ತಾರೆ: ಕತೆ, ಪಾತ್ರ, ಪರಿಸರ, ಭಾಷೆ. ಓದುಗ ಯಾವುದರಿಂದ ಒಳಗೆ ಬಂದನೋ ಅದೇ ಬಾಗಿಲು ದೊಡ್ಡದಾಗಿರುವ ಇನ್ನೊಂದು ಪುಸ್ತಕ ಕೊಡಬೇಕು, ವಿಷಯ ಏನೇ ಇರಲಿ. ಕನ್ನಡಕ್ಕೆ ನಾನು ಐದನೆಯದೊಂದನ್ನು ಸೇರಿಸಿಕೊಳ್ಳುತ್ತೇನೆ, ಆಡುಮಾತು. ನಮ್ಮ ಎಷ್ಟೋ ಕಾದಂಬರಿಗಳಲ್ಲಿ ನಿರೂಪಣೆಯ ಭಾಷೆ ಒಂದು, ಪಾತ್ರಗಳ ಬಾಯಿಯದ್ದು ಇನ್ನೊಂದು. ಓದುಗರು ಸೋಲುವುದು, ಗೆಲ್ಲುವುದು ಅಲ್ಲೇ. ಈಕೆ ಬಂದದ್ದು ಆ ಬಾಗಿಲಿನಿಂದ.

ಮತ್ತೆರಡು ವಿವರ ಬೇಕಿತ್ತು. ಓದುವುದು ಯಾವಾಗ? ರಾತ್ರಿ ಹತ್ತರ ಮೇಲೆ, ಇಪ್ಪತ್ತು ನಿಮಿಷ. ಪುಟಕ್ಕೆ ಎರಡು ನಿಮಿಷ ಹಿಡಿದರೂ ದಿನಕ್ಕೆ ಹತ್ತು ಪುಟ. ‘ಮಲೆಗಳಲ್ಲಿ ಮದುಮಗಳು’ ಏಳುನೂರು ಪುಟ ದಾಟುತ್ತದೆ, ಅಂದರೆ ಒಂದು ರಾತ್ರಿಯೂ ತಪ್ಪದೆ ಓದಿದರೆ ಎಪ್ಪತ್ತು ರಾತ್ರಿ. ಈ ಲೆಕ್ಕವನ್ನು ಲೆಕ್ಕಪತ್ರ ವಿಭಾಗದವರೇ ಹಾಕಿರಲಿಲ್ಲ! ಎರಡನೆಯದು, ಸದ್ಯಕ್ಕೆ ಏನು ಬೇಡ? ‘ಕಾಯಿಲೆ, ಆಸ್ಪತ್ರೆ ಬೇಡ. ಮನೇಲಿ ಇರೋದೇ ಸಾಕು.’ ಬೇಕಾದ್ದಕ್ಕಿಂತ ಬೇಡವಾದದ್ದನ್ನು ಮೊದಲು ತಿಳಿದುಕೊಳ್ಳುವುದು ಸಲಹೆ ಕೊಡುವವರಿಗೆ ಹೆಚ್ಚು ಉಪಯೋಗ. ಬೇಕಾದ್ದನ್ನು ಹೇಳಲು ಬಹಳ ಜನಕ್ಕೆ ಬರುವುದಿಲ್ಲ, ಬೇಡವಾದದ್ದನ್ನು ಹೇಳಲು ಎಲ್ಲರಿಗೂ ಬರುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಸ್ಟೂಲಿನ ಮೇಲಿರುವುದನ್ನೆಲ್ಲ ಇವತ್ತೇ ತೆಗೆಯಿರಿ. ಎರವಲು ತಂದದ್ದು ವಾಪಸ್, ಸ್ವಂತದ್ದು ಕಪಾಟಿಗೆ. ರಾತ್ರಿ ಕಣ್ಣೆದುರು ಒಂದೇ ಪುಸ್ತಕ ಇರಲಿ. ಮುಂದಿನ ಓದಿಗೆ ಮೂರು ಹೆಸರು, ಈ ಕ್ರಮದಲ್ಲಿ. ಒಂದೇ ಹೆಸರು ಕೊಟ್ಟು ಅದು ಹಿಡಿಸದಿದ್ದರೆ ಓದುಗ ತನ್ನನ್ನೇ ಹಳಿದುಕೊಳ್ಳುತ್ತಾನೆ, ಹತ್ತು ಕೊಟ್ಟರೆ ಆರಿಸುವುದೇ ಒಂದು ಕೆಲಸವಾಗುತ್ತದೆ.

ಮೊದಲನೆಯದು ದೇವನೂರ ಮಹಾದೇವ ಅವರ ‘ಒಡಲಾಳ’. ಕಾಡಿಲ್ಲ, ಓತಿ ಇಲ್ಲ, ಕಳೆದುಹೋದ ಒಂದು ಹುಂಜ ಇದೆ. ಸಾಕವ್ವ ಅದನ್ನು ಹುಡುಕುತ್ತಾಳೆ, ಮನೆತುಂಬ ಮಂದಿ ಬೆಂಕಿಯ ಸುತ್ತ ಕೂತು ರಾತ್ರಿಯಿಡೀ ಕಡಲೆಕಾಯಿ ತಿನ್ನುತ್ತ ಮಾತಾಡುತ್ತಾರೆ. ನೂರು ಪುಟದೊಳಗಿನ ಪುಸ್ತಕ. ಒಂದು ಎಚ್ಚರಿಕೆಯನ್ನೂ ಹೇಳಿದೆ: ಮಾತುಗಳೆಲ್ಲ ಮೈಸೂರಿನ ದಕ್ಷಿಣದ ಆಡುನುಡಿಯಲ್ಲಿವೆ, ಮೊದಲ ಹತ್ತು ಪುಟವನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸಾಗುತ್ತದೆ. ಎರಡನೆಯದು ವಿವೇಕ ಶಾನಭಾಗರ ನೀಳ್ಗತೆ ‘ಘಾಚರ್ ಘೋಚರ್’ (2013). ಬೆಂಗಳೂರು, ಒಂದು ಕುಟುಂಬ, ಅಡುಗೆಮನೆಯ ಇರುವೆಗಳು, ಹೊಸದಾಗಿ ಬಂದ ದುಡ್ಡು. ಲೇಖಕರು ಕೊನೆಯನ್ನು ಬಿಡಿಸಿ ಹೇಳುವುದಿಲ್ಲ, ಅದು ಕಿರಿಕಿರಿ ಆದೀತು ಎಂದೆ. ಮೂರನೆಯದು ಗೊರೂರರ ‘ಹಳ್ಳಿಯ ಚಿತ್ರಗಳು’, ಒಂದೊಂದು ಕೂತಲ್ಲೇ ಮುಗಿಯುತ್ತದೆ, ಅತ್ತೆಗೆ ಓದಿ ಹೇಳಲೂ ಆಗುತ್ತದೆ.

ಪುಸ್ತಕ ಹೇಳುವಾಗ ಅದರಲ್ಲಿ ಏನು ಕೆಣಕೀತು ಎಂಬುದನ್ನೂ ಹೇಳಲೇಬೇಕು. ‘ಅದ್ಭುತವಾಗಿದೆ, ಓದಿ’ ಎಂದಷ್ಟೇ ಹೇಳಿ ಕಳಿಸಿದರೆ, ಇಪ್ಪತ್ತನೇ ಪುಟದಲ್ಲಿ ಎಡವಿದವರು ಕೊರತೆ ತಮ್ಮಲ್ಲೇ ಇದೆ ಎಂದುಕೊಳ್ಳುತ್ತಾರೆ.

ಬಿಡುವುದಕ್ಕೂ ಒಂದು ನಿಯಮ ಬೇಕು. ಪರ್ಲ್ ಅವರದ್ದೇ ಲೆಕ್ಕ: 50 ವರ್ಷದವರೆಗಿನವರು 50 ಪುಟ ಓದಿ ನಿರ್ಧರಿಸಲಿ, ಅದಕ್ಕೂ ದೊಡ್ಡವರು ತಮ್ಮ ವಯಸ್ಸನ್ನು ನೂರರಿಂದ ಕಳೆದು ಉಳಿದಷ್ಟು ಪುಟ. 70ರವರಿಗೆ 30 ಪುಟ. ಕನ್ನಡದ ಸಣ್ಣ ಕಾದಂಬರಿಗಳಿಗೆ 50 ಪುಟವೆಂದರೆ ಅರ್ಧ ಪುಸ್ತಕವೇ ಆಯಿತು. ಹಾಗಾಗಿ ಪುಸ್ತಕದ ಐದನೇ ಒಂದು ಭಾಗ, ಕಥಾಸಂಕಲನವಾದರೆ ಎರಡು ಕತೆ ಎಂದು ಹೇಳುತ್ತೇನೆ.

ಈ ಸಲಹೆಗೆ ಮಗಳ ಮೇಷ್ಟ್ರು ಸಿಟ್ಟಾದರಂತೆ. ಕುವೆಂಪು ಅವರನ್ನು ಬದಿಗಿಡಿ ಅನ್ನುವುದು ಎಂಥ ಆಪ್ತಸಲಹೆ ಎಂದು ಕೇಳಿದರಂತೆ. ಬದಿಗಿಡಿ ಎಂದದ್ದು ನಿಜ, ಬಿಡಿ ಎಂದಿಲ್ಲ. ಅದನ್ನು ದಿನಕ್ಕೊಂದು ಗಂಟೆ ಸಿಗುವ ರಜೆಯಲ್ಲಿ ಹಿಡಿಯಬೇಕು. ಆಕೆ ನಿಲ್ಲಿಸಿದ್ದು ನಲವತ್ತನೇ ಪುಟದ ಹತ್ತಿರ. ಅಲ್ಲಿ ನಿಲ್ಲುವವರು ಬಹಳ, ಕಾರಣ ಜನಸಂದಣಿ. ಉಪಾಯವಿದೆ: ಒಂದು ಹಾಳೆ ಇಟ್ಟುಕೊಂಡು ಪಾತ್ರಗಳನ್ನಲ್ಲ, ಮನೆಗಳನ್ನು ಬರೆದುಕೊಳ್ಳಿ. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಸಿಂಬಾವಿ. ಹೊಸ ಹೆಸರು ಬಂದಾಗ ಆಯಾ ಮನೆಯ ಕೆಳಗೆ ಸೇರಿಸಿ: ಕೋಣೂರಿಗೆ ಮುಕುಂದಯ್ಯ, ಹೂವಳ್ಳಿಗೆ ಚಿನ್ನಮ್ಮ, ಸಿಂಬಾವಿಗೆ ಗುತ್ತಿ, ಅವನ ನಾಯಿ ಹುಲಿಯ. ನೂರು ಪುಟ ಕಳೆಯುವಷ್ಟರಲ್ಲಿ ಹಾಳೆ ಬೇಡವಾಗುತ್ತದೆ. ಇದನ್ನು ಹೇಳಿಕೊಡದೆ ‘ಮಹಾನ್ ಕೃತಿ’ ಎಂದು ಕೈಗಿಡುವುದರಿಂದ ಕುವೆಂಪು ಅವರಿಗೂ ಉಪಕಾರವಿಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಒಂದು ‘ಓದುಗನ ಸಮಯ ಉಳಿಸು’ ಎಂಬುದು. ಅದಕ್ಕೆ ಮೊದಲಿನ ಸೂತ್ರ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದು. ಎರಡನ್ನೂ ಪಾಲಿಸಬೇಕಾದರೆ ಯಾರಿಗೆ ಎಂಬುದರ ಜೊತೆಗೆ ಯಾವಾಗ ಎಂಬುದನ್ನೂ ಕೇಳಲೇಬೇಕು.

ಮೂರನೆಯ ಭೇಟಿಯ ಹೊತ್ತಿಗೆ ‘ಒಡಲಾಳ’ ಮುಗಿದಿತ್ತು. ‘ಘಾಚರ್ ಘೋಚರ್’ ಅರ್ಧಕ್ಕೆ ನಿಂತಿತ್ತು. ‘ಚೆನ್ನಾಗಿದೆ ಮೇಡಂ, ಆದ್ರೆ ಅವನೊಬ್ಬನೇ ಹೇಳ್ತಾ ಹೋಗ್ತಾನೆ.’ ಈ ಸಲ ಆಕೆಗೆ ಸಂಕೋಚವಿರಲಿಲ್ಲ, ಐದನೇ ಒಂದು ಭಾಗ ದಾಟಿಯೇ ಬಿಟ್ಟಿದ್ದರು. ನನ್ನ ಆಯ್ಕೆಗೆ ಅದರಿಂದ ಒಂದು ತಿದ್ದುಪಡಿ ಸಿಕ್ಕಿತು: ಮಾತು ಸಾಲದು, ಹಲವು ಬಾಯಿಗಳು ಬೇಕು. ಗೊರೂರರನ್ನು ಅತ್ತೆಯ ಪಾಲಿಗೆ ಬಿಟ್ಟು, ಆಕೆಗೆ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಬರೆದುಕೊಟ್ಟೆ. ಇಡೀ ಊರಿನ ಹೆಂಗಸರು ಬಾಯಿ ತೆರೆಯುವ ಕತೆ. ಅದೇ ಲೇಖಕರದ್ದಾದರೂ ಅದರ ಹೆಸರನ್ನು ಆಕೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಅದರಲ್ಲಿ ಓತಿ ಇಲ್ಲವಲ್ಲ.