ಮೂವರು, ಮುಮ್ಮಡಿ, ಮೂರಾಬಟ್ಟೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ತೆಲುಗಿನಲ್ಲಿ ಇದ್ದರು, ಮುಗ್ಗುರು, ನಲುಗುರು, ಐದುಗುರು ಅಂತ ಏಡುಗುರು ತನಕ ಸಲೀಸಾಗಿ ಹೋಗುತ್ತದೆ. ಕನ್ನಡದಲ್ಲಿ ‘ಆರುವರು’ ಅಂದರೆ ನಗುತ್ತಾರೆ. ‘ಮೂವರು ಜನ’ ಅಂದರೂ ತಪ್ಪಂತೆ. ಯಾಕೆ? (ಬಾಗೇಪಲ್ಲಿಯ ಓದುಗರು)

ಉತ್ತರ: ಕನ್ನಡದ ಆಡುಮಾತು ಜನರನ್ನು ಹೀಗೆ ಎಣಿಸುವುದು ಐವರಿಗೇ ನಿಲ್ಲುತ್ತದೆ. ಅಲ್ಲಿಂದ ಮುಂದಿನ ರೂಪಗಳು ಹಳಗನ್ನಡ ಕಾವ್ಯಕ್ಕೆ ಉಳಿದುಕೊಂಡವು; ನಮಗೆ ಆರು ಜನ, ಏಳು ಮಂದಿ. ನಕ್ಕವರು ಬಳಕೆ ತಪ್ಪಿತೆಂದು ನಕ್ಕಿರಬೇಕು, ನಿಮ್ಮ ಲೆಕ್ಕಾಚಾರದಲ್ಲಿ ದೋಷವಿಲ್ಲ.

‘ಮೂವರು’ ಎನ್ನುವಾಗಲೇ ಜನ ಎಂಬ ಅರ್ಥ ಬಂದುಬಿಟ್ಟಿರುತ್ತದೆ. ಅದಕ್ಕೆ ಮತ್ತೆ ‘ಜನ’ ಸೇರಿಸಿದರೆ ಒಂದೇ ಮಾತು ಎರಡು ಸಲ. ‘ಮೂವರು ಹೆಂಗಸರು’, ‘ಮೂವರು ಕೂಲಿಯಾಳುಗಳು’ ಮಾತ್ರ ಸರಿ, ಯಾಕೆಂದರೆ ಎಂಥ ಜನ ಎನ್ನುವುದು ಅಲ್ಲಿ ಹೊಸ ವಿಷಯ. ಹಸು, ಚೀಲ, ಊರುಗಳಿಗೆ ‘ಮೂರು’. ‘ಮೂವರು ಹಸುಗಳು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ.

ಮಕ್ಕಳ ವಿಷಯ ಸ್ವಲ್ಪ ಬೇರೆ. ‘ಮಗು ಅಳುತ್ತದೆ’ ಎನ್ನುತ್ತೇವೆ, ಅಂದರೆ ಮಗು ನಪುಂಸಕ ಲಿಂಗ. ಆದ್ದರಿಂದ ‘ಅವರಿಗೆ ಮೂರು ಮಕ್ಕಳು’ ಎಂಬುದನ್ನು ತಿದ್ದಬೇಕಾಗಿಲ್ಲ. ‘ಮೂವರು ಹೆಣ್ಣುಮಕ್ಕಳು’ ಎನ್ನುವಾಗ ‘ಮೂವರು’ ಹೆಚ್ಚು ಒಪ್ಪುತ್ತದೆ.

ಊಟದ ಲೆಕ್ಕಕ್ಕೆ ಬಂದಾಗ ‘ಮೂರು ಜನಕ್ಕೆ ಆಗುವಷ್ಟು ಅನ್ನ’ ಎನ್ನುತ್ತೇವೆ. ಯಾರು ಯಾರು ಎಂಬುದು ಅಲ್ಲಿ ಮುಖ್ಯವಲ್ಲ. ಎದುರಿಗೆ ಕೂತವರಿಗಾದರೆ ‘ಮೂವರಿಗೂ ಬಡಿಸು’. ಆ ಕೊನೆಯ ದೀರ್ಘವನ್ನು ಗಮನಿಸಿ. ‘ಮೂವರು ಬಂದರು’ ಎಂದರೆ ಯಾರೋ ಮೂರು ಜನ. ‘ಮೂವರೂ ಬಂದರು’ ಎಂದರೆ ಮೊದಲೇ ಗೊತ್ತಿದ್ದ ಮೂರು ಜನ, ಒಬ್ಬರನ್ನೂ ಬಿಡದೆ. ‘ಆರೋಪಿಗಳು ಮೂವರು ಬಿಡುಗಡೆ’ ಎಂಬ ತಲೆಬರಹ ಓದಿದರೆ ಇನ್ನೂ ಯಾರಾದರೂ ಒಳಗಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಒಂದು ದೀರ್ಘ ಉಳಿಸಲು ಹೋಗಿ ಸುದ್ದಿಯೇ ಕೆಟ್ಟಿತು.

ಪ್ರಶ್ನೆ: ‘ಟೊಮ್ಯಾಟೊ ಬೆಲೆ ಮೂರು ಪಟ್ಟು ಹೆಚ್ಚಳ’ ಎಂದು ಬರೆಯುತ್ತಾರೆ. 15 ಕೆಜಿ ಬಾಕ್ಸ್ 200 ರೂಪಾಯಿ ಇದ್ದದ್ದು ಈಗ 600 ಆಯಿತೋ, 800 ಆಯಿತೋ? (ಕೋಲಾರ)

ಉತ್ತರ: ಬರೆದವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ 600. ಅಕ್ಷರಕ್ಕೆ ಅಕ್ಷರ ಹಿಡಿದರೆ 800: 200ರ ಮೂರು ಪಟ್ಟು 600, ಅಷ್ಟು ‘ಹೆಚ್ಚಿದೆ’ ಎಂದರೆ ಹಳೆಯ 200ರ ಮೇಲೆ ಕೂಡಬೇಕು. ‘ಮೂರು ಪಟ್ಟಾಯಿತು’ ಎಂದು ಬರೆದರೆ ಜಗಳವಿಲ್ಲ. ಶೇಕಡಾವಾರು ಹೇಳುವವರೂ ಇಲ್ಲೇ ಎಡವುತ್ತಾರೆ. 200 ಹೋಗಿ 600 ಆದರೆ ಹೆಚ್ಚಳ ಶೇ. 200, ಶೇ. 300 ಅಲ್ಲ.

‘ಮುಮ್ಮಡಿ’ಯೂ ಮೂರು ಪಟ್ಟೇ. ಆದರೆ ಅರಸರ ಹೆಸರಿಗೆ ಮೊದಲು ಬಂದಾಗ ‘ಮೂರನೆಯ’ ಎಂದರ್ಥ: ಮುಮ್ಮಡಿ ಕೃಷ್ಣರಾಜ ಒಡೆಯರ್.

ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಡುವವರು ಇನ್ನೊಂದನ್ನು ನೋಡಿಕೊಳ್ಳಿ. ಮುಕ್ಕಾಲು ಬೇರೆ, ಮೂರನೇ ಎರಡು ಬೇರೆ. 60 ಚೀಲ ರಾಗಿಯಲ್ಲಿ ಮುಕ್ಕಾಲು ಎಂದರೆ 45, ಮೂರನೇ ಎರಡು ಎಂದರೆ 40. ಬಾಯಿಮಾತಿನಲ್ಲಿ ಎರಡನ್ನೂ ‘ಹೆಚ್ಚಿನ ಪಾಲು’ ಎಂದು ಬಿಟ್ಟರೆ ಕಣದಲ್ಲಿ ಐದು ಚೀಲದ ತಕರಾರು. ಪತ್ರದಲ್ಲಿ ‘ಮೂರನೇ ಪಾಲು’ ಎಂದೂ ಬರೆಯಬೇಡಿ, ಅದು ಮೂರನೆಯವನ ಪಾಲು ಎಂದೂ ಆಗುತ್ತದೆ. ‘ಮೂರರಲ್ಲಿ ಒಂದು ಪಾಲು’ ಎಂದರೆ ಸಾಕು.

ಪ್ರಶ್ನೆ: ಮುನ್ನೂರರಲ್ಲಿ ಮೂರು ಇದೆ. ಹಾಗಾದರೆ ಮುನ್ನುಡಿಯಲ್ಲೂ ಮೂರು ಇದೆಯೇ? (ತುಮಕೂರು)

ಉತ್ತರ: ಇಲ್ಲ. ಸಮಾಸದಲ್ಲಿ ‘ಮೂರು’ ಕುಗ್ಗಿ ‘ಮು’ ಆಗುತ್ತದೆ, ಮುಂದಿನ ವ್ಯಂಜನ ಇಮ್ಮಡಿಸುತ್ತದೆ: ಮುಕ್ಕಣ್ಣ, ಮುಕ್ಕಾಲಿ, ಮುಪ್ಪುರಿ, ಜಿನಬಿಂಬದ ಮೇಲಿನ ಮುಕ್ಕೊಡೆ. ‘ಮುನ್’ ಎಂದರೆ ಮುಂದೆ. ಅದು ‘ನ’ಕಾರದ ಜೊತೆ ಸೇರಿದಾಗಲೂ ಕಿವಿಗೆ ಹಾಗೇ ಕೇಳುತ್ತದೆ. ಒತ್ತಕ್ಷರ ಬಿಡಿಸಿ ‘ಮೂರು’ ಇಟ್ಟು ನೋಡಿ. ‘ಮೂರು ನೂರು’ ಕೂಡಿಬರುತ್ತದೆ. ‘ಮೂರು ನುಡಿ’ ಎಂದರೆ ಪುಸ್ತಕದ ಮೊದಲ ಪುಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮುತ್ತಜ್ಜನೂ ಮೂರನೆಯ ಅಜ್ಜನಲ್ಲ. ಅಲ್ಲಿರುವುದು ಮುದಿತನ, ಮುಪ್ಪಿನ ಬಳಗದ ಪದ. ಮೂವತ್ತು, ಮೂಜಗ, ಮೂಲೋಕಗಳಲ್ಲಿ ದೀರ್ಘ ಹಾಗೇ ಉಳಿದು ಒತ್ತು ಬಂದಿಲ್ಲ.

ಪ್ರಶ್ನೆ: ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳಾದರೆ ‘ತ್ರಿವಳಿ’ ಎನ್ನುತ್ತಾರೆ. ಸರಿಯೇ? (ಶಿರಾ)

ಉತ್ತರ: ಸರಿ. ‘ಅವಳಿ’ಯ ಜಾಡಿನಲ್ಲಿ ಬಂದ ಪದ, ಎಲ್ಲರಿಗೂ ಅರ್ಥವಾಗುತ್ತದೆ. ಹಳೆಯ ಕಾವ್ಯ ಓದುವಾಗ ಮಾತ್ರ ಎಚ್ಚರ: ಅಲ್ಲಿ ನಾಯಕಿಯ ‘ತ್ರಿವಳಿ’ ಎಂದರೆ ಹೊಟ್ಟೆಯ ಮೇಲಿನ ಮೂರು ಮಡಿಕೆ.

ಪ್ರಶ್ನೆ: ತ್ರಿ, ತ್ರಯ, ಎರಡಕ್ಕೂ ಏನು ವ್ಯತ್ಯಾಸ? (ಗೌರಿಬಿದನೂರು)

ಉತ್ತರ: ತ್ರಿ ಪದದ ಮುಂಭಾಗಕ್ಕೆ, ತ್ರಯ ಕೊನೆಗೆ. ಅಳಲೆ, ತಾರೆ, ನೆಲ್ಲಿ ಸೇರಿದರೆ ತ್ರಿಫಲ. ಪಂಪ, ಪೊನ್ನ, ರನ್ನ ಸೇರಿದರೆ ರತ್ನತ್ರಯ. ಜೈನರಲ್ಲಿ ರತ್ನತ್ರಯವೆಂದರೆ ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್‌ಚಾರಿತ್ರ. ಸಿದ್ಧಗಂಗೆಯ ‘ತ್ರಿವಿಧ ದಾಸೋಹ’ ಎಂದರೆ ಅನ್ನ, ಅಕ್ಷರ, ಆಶ್ರಯ. ಅದರ ಹಿಂದೆ ಮತ್ತೆ ‘ಮೂರು’ ಸೇರಿಸಿದರೆ ಒಂಬತ್ತಾದೀತು.

ಪ್ರಶ್ನೆ: ‘ಮೂರೂ ಬಿಟ್ಟವನು ಊರಿಗೆ ದೊಡ್ಡವನು.’ ಯಾವ ಮೂರು? ‘ಮೂರಾಬಟ್ಟೆ’ಯಲ್ಲಿ ಯಾವ ಬಟ್ಟೆ? (ಚಿಂತಾಮಣಿ)

ಉತ್ತರ: ಮಾನ, ಮರ್ಯಾದೆ, ನಾಚಿಕೆ. ಇಲ್ಲೂ ‘ಮೂರೂ’ ದೀರ್ಘವೇ, ಒಂದನ್ನೂ ಉಳಿಸಿಕೊಂಡಿಲ್ಲ. ಇನ್ನು ಮೂರಾಬಟ್ಟೆಯ ಬಟ್ಟೆ ಉಡುವುದಲ್ಲ. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಒಟ್ಟಿಗಿದ್ದದ್ದು ಮೂರು ದಾರಿ ಹಿಡಿದು ಚೆಲ್ಲಾಪಿಲ್ಲಿಯಾದರೆ ಸಂಸಾರ ಮೂರಾಬಟ್ಟೆ. ಸೀರೆ ಹರಿದು ಮೂರು ತುಂಡಾದರೆ ಈ ಮಾತು ಹೊಂದುವುದಿಲ್ಲ.