ಸಂಪಾದಕರ ಉತ್ತರ: ಉದ್ರಿ ಕೊಡದ ಅಂಗಡಿ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರಿಗೂ ದೊಡ್ಡ ರಿಯಾಯಿತಿ ಮಳಿಗೆ, ದೊಡ್ಡ ಹಾರ್ಡ್‌ವೇರ್ ಮಳಿಗೆ ಬರುತ್ತಿವೆ. ಸಂಬಳದಲ್ಲಿ ಬದುಕುವ ನನಗಂತೂ ಖುಷಿ, ಪಾರ್ಕಿಂಗೂ ಇರುತ್ತೆ. ಪೇಟೆಬೀದಿಯವರು ಇಷ್ಟು ದಿನ ಹೇಳಿದ್ದೇ ರೇಟು ಅಂತ ಸುಲಿಗೆ ನಡೆಸಿದರು. ನೀವು ಪತ್ರಿಕೆಯವರು ಮಾತ್ರ ಯಾವಾಗಲೂ ಅವರ ಪರವೇ ಅಳುತ್ತೀರಿ, ಯಾಕೆ?’

ಪತ್ರ ಚೆನ್ನಾಗಿದೆ ಸಾರ್, ಸುಮ್ನೆ ಹೊಗಳುತ್ತಿಲ್ಲ. ದೊಡ್ಡ ಮಳಿಗೆಯಲ್ಲಿ ರೇಟು ಬರೆದಿರುತ್ತೆ, ಬಿಲ್ಲು ಕೊಡುತ್ತಾರೆ. ಹೆಣ್ಣುಮಕ್ಕಳು ನಲ್ಲಿ ವಾಷರ್ ಕೇಳಿದರೆ ‘ಮನೇಲಿ ಗಂಡಸರಿಲ್ವಾ’ ಅನ್ನುವ ಮಹಾನುಭಾವರು ಅಲ್ಲಿ ಸಿಗೋದಿಲ್ಲ. ಇಷ್ಟು ಅವರಿಗೆ ಜಮಾ.

ಆದರೆ ನಿಮ್ಮದು ಕಬ್ಬಿನ ಊರು. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಬಂದಾಗಿನಿಂದಲೂ ನಿಮ್ಮ ಸುತ್ತಲಿನ ರೈತರ ಕೈಗೆ ದುಡ್ಡು ಬರೋದು ಒಂದನೇ ತಾರೀಖಲ್ಲ, ಕಬ್ಬು ಕಡಿದ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಯವರು 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಕಟ್ಟಬೇಕು. ಆ ಬಡ್ಡಿ ಎಣಿಸಿಕೊಂಡ ರೈತರು ಸಿಕ್ಕಿದರೆ ಫೋಟೊ ಕಳಿಸಿ, ಮುಖಪುಟಕ್ಕೇ ಹಾಕೋಣ. ಈ ನಡುವೆ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಹೋದರೆ? ಆಲೆಮನೆಯ ಗಾಣಕ್ಕೆ ಬೇರಿಂಗ್ ಬೇಕಾದರೆ? ಪೇಟೆಬೀದಿಯ ಹಾರ್ಡ್‌ವೇರ್ ಅಂಗಡಿಯವರು ಪುಸ್ತಕದಲ್ಲಿ ಉದ್ರಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ಕಬ್ಬಿನ ದುಡ್ಡು ಬಂದ ಮೇಲೆ ಕೊಡಣ್ಣ, ಅಷ್ಟೇ ಮಾತು. ಅದಕ್ಕೆ ರೇಟಿನಲ್ಲಿ ನಾಲ್ಕು ಕಾಸು ಸೇರಿಸಿರುತ್ತಾರೆ, ನಿಜ. ನೀವು ಅದನ್ನು ಸುಲಿಗೆ ಅಂದಿರಿ. ಬ್ಯಾಂಕಿನವರು ಮಾಡಿದರೆ ಬಡ್ಡಿ ಅಂತೀರಿ, ಅಲ್ವಾ?

ಕಚೇರಿಯ ನಲ್ಲಿ ಸೋರುತ್ತಿತ್ತು ಅಂತ ಅದನ್ನು ಬಿಚ್ಚಿಕೊಂಡು ನಾನು ಮೈಸೂರಿನ ಸಂತೇಪೇಟೆಗೆ ಹೋಗಿದ್ದೆ. ಅಂಗಡಿಯ ಯಜಮಾನರು ತಿರುಗಿಸಿ ನೋಡಿ, ‘ಹೊಸದು ಯಾಕೆ ಸ್ವಾಮಿ, ವಾಷರ್ ಹಾಕಿಸಿ’ ಅಂದರು. ವ್ಯಾಪಾರ ಬಿಟ್ಟುಕೊಟ್ಟು ಹೇಳಿದ ಮಾತದು. ದೊಡ್ಡ ಮಳಿಗೆಯ ಕಪಾಟಿನ ಮೇಲಿರುವ ಪೊಟ್ಟಣ ಹಾಗೆ ಹೇಳೋದಿಲ್ಲ. ಅಲ್ಲಿ ಬೇಕಾದ್ದು ಎರಡು ತಿರುಪಾದರೂ ಪ್ಯಾಕೆಟ್ಟೇ ತಗೋಬೇಕು.

ವಾಲ್‌ಮಾರ್ಟ್ ಎಂಬ ದೊಡ್ಡ ರಿಯಾಯಿತಿ ಮಳಿಗೆಯ ಕಥೆ ಓದಿ. 1962ರಲ್ಲಿ ಶುರುವಾಗಿದ್ದು ಅಮೆರಿಕದ ಅರ್ಕಾನ್ಸಾಸ್‌ನ ಒಂದು ಸಣ್ಣ ಊರಿನಲ್ಲಿ. ಬೆಳೆದದ್ದೂ ಸಣ್ಣ ಊರುಗಳನ್ನೇ ಹುಡುಕಿಕೊಂಡು ಹೋಗಿ. 2016ರಲ್ಲಿ ಅದೇ ಕಂಪನಿ ಆ ದೇಶದಲ್ಲಿ 154 ಮಳಿಗೆ ಮುಚ್ಚುವುದಾಗಿ ಹೇಳಿತು. ನಾರ್ತ್ ಕೆರೊಲಿನಾದ ಓರಿಯೆಂಟಲ್ ಎಂಬ ಊರಿನಲ್ಲಿ ಅಷ್ಟು ಹೊತ್ತಿಗೆ ಹಳೇ ದಿನಸಿ ಅಂಗಡಿ ಬಾಗಿಲು ಹಾಕಿಯಾಗಿತ್ತು. ಈಗ ವಾಲ್‌ಮಾರ್ಟೂ ಮುಚ್ಚಿತು. ಇದೂ ಇಲ್ಲ, ಅದೂ ಇಲ್ಲ. ನಾವು 2012ರಲ್ಲಿ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ಶೇಕಡ 51ರವರೆಗೆ ಬಿಟ್ಟಿದ್ದಕ್ಕೆ ಬಂದ್ ಮಾಡಿದೆವು. ವಾಲ್‌ಮಾರ್ಟಿನವರು ಚಿಲ್ಲರೆ ಅಂಗಡಿ ತೆರೆಯಲಿಲ್ಲ. 2018ರಲ್ಲಿ ಫ್ಲಿಪ್‌ಕಾರ್ಟಿನ ದೊಡ್ಡ ಪಾಲು ಕೊಂಡು ನಮ್ಮ ಫೋನಿನೊಳಗೇ ಬಂದರು. ಊರಿನ ಖಾಲಿ ಜಾಗಗಳಿಗೆ ನಮ್ಮ ದೇಶದ ಕಂಪನಿಗಳೇ ಮಳಿಗೆ ಹಾಕಲು ಬಂದವು, ಅದಕ್ಕೆ ಯಾರೂ ಬಂದ್ ಕರೆಯಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಮಳಿಗೆಗಳ ಮೇಲಲ್ಲ, ಪೇಟೆಬೀದಿಯನ್ನು ನಾವು ಇಟ್ಟುಕೊಂಡಿರುವ ರೀತಿಗೆ. ಮೈಸೂರಿನಲ್ಲಿ ಅಂಗಡಿಸಾಲಿದ್ದ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವೋದಾ, ಉಳಿಸೋದಾ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಇತ್ತ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು, ಕಾರುಗಳು ಮದ್ದೂರಿನ ವಡೆ, ಮಂಡ್ಯದ ಪೇಟೆ ಎರಡನ್ನೂ ಪಕ್ಕಕ್ಕಿಟ್ಟು ಓಡತೊಡಗಿದವು. ದೊಡ್ಡ ಮಳಿಗೆಗೆ ಪಾರ್ಕಿಂಗ್ ಇದೆ ಅಂತ ನೀವೂ ಹೊಗಳಿದ್ದೀರಿ. ಪೇಟೆಬೀದಿಯಲ್ಲಿ ಸೈಕಲ್ ನಿಲ್ಲಿಸೋಕೆ ಜಾಗ ಇಲ್ಲ, ಹೆಂಗಸರಿಗೆ ಒಂದು ಶೌಚಾಲಯ ಹುಡುಕಬೇಕು. ಇದೇ ಪತ್ರದ ಇನ್ನೊಂದು ಪ್ರತಿಯನ್ನು ನಿಮ್ಮ ವಾರ್ಡಿನ ಸದಸ್ಯರಿಗೂ ಹಾಕಿ. ಅವರ ಉತ್ತರ ಬಂದರೆ ಅದನ್ನೂ ಅಚ್ಚು ಹಾಕುತ್ತೇನೆ.