ಫೀಸ್ ಕಂತಲ್ಲಿ ಕಟ್ಟಿ ಅಂದರು, ಅದು ಸಾಲ ಅಂತ ಹೇಳಲಿಲ್ಲ

ಹಾಸನದ ಕಡೆಯ ಹುಡುಗಿ, ವಯಸ್ಸು 23, ಬಿಕಾಂ ಆಗಿದೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಳು. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಮುಕ್ಕಾಲು ಗಂಟೆಯಲ್ಲಿ ಅದು ಒಂಬತ್ತು ಸಲ ಗುಂಯ್‌ಗುಟ್ಟಿತು. ಪ್ರತಿ ಸಲವೂ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಆರು ತಿಂಗಳ ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸು, 1.8 ಲಕ್ಷ ಫೀಸು, ‘ಕೆಲಸ ಗ್ಯಾರಂಟಿ’. ತಿಂಗಳಿಗೆ 7,500ರಂತೆ 24 ಕಂತು, ಬಡ್ಡಿ ಇಲ್ಲ ಅಂದರಂತೆ. ಸೇರಿಸಿಕೊಂಡವನೂ ತನ್ನನ್ನು ‘ಕೌನ್ಸೆಲರ್’ ಅಂತಲೇ ಪರಿಚಯ ಮಾಡಿಕೊಂಡಿದ್ದ, ಕೇಳಿ ನನಗೇ ಒಂಥರಾ ಆಯಿತು. ಫೋನಲ್ಲಿ ಮಾತಾಡುತ್ತಲೇ ಪ್ಯಾನ್ ಕಾರ್ಡಿನ ಫೋಟೊ ತರಿಸಿಕೊಂಡು, ಒಂದರ ಹಿಂದೊಂದು ಓಟಿಪಿ ಹೇಳಿಸಿಕೊಂಡು, ಹತ್ತೇ ನಿಮಿಷದಲ್ಲಿ ಮುಗಿಸಿದ್ದ. ಆ ಓಟಿಪಿಗಳಲ್ಲಿ ಒಂದು ಸಾಲದ ಕರಾರಿಗೆ ಹಾಕಿದ ಸಹಿ. ಫೈನಾನ್ಸ್ ಕಂಪನಿ ದುಡ್ಡನ್ನು ನೇರ ಕೋರ್ಸಿನ ಸಂಸ್ಥೆಗೆ ಕೊಟ್ಟಿತು, ಸಾಲ ಇವಳ ಹೆಸರಲ್ಲಿ ಉಳಿಯಿತು.

ಮೂರನೇ ತಿಂಗಳಿಗೆ ಮೇಷ್ಟ್ರು ಮಾಯ, ಬರೀ ಹಳೇ ವಿಡಿಯೊ. ಕೊನೆಗೆ ಕೊಡಿಸಿದ ‘ಪ್ಲೇಸ್‌ಮೆಂಟ್’ ಏನು ಗೊತ್ತಾ? ಅದೇ ಕೋರ್ಸನ್ನು ಫೋನಲ್ಲಿ ಮಾರುವ ಕೆಲಸಕ್ಕೆ ಇಂಟರ್‌ವ್ಯೂ! ಸಿಟ್ಟಿಗೆ ಕಂತು ಕಟ್ಟೋದನ್ನೇ ನಿಲ್ಲಿಸಿಬಿಟ್ಟಳು.

ಎಡವಟ್ಟಾಗುವುದೇ ಇಲ್ಲಿ. ಸಂಸ್ಥೆಗೆ ದುಡ್ಡು ಆಗಲೇ ಬಂದಾಗಿದೆ, ಕಂತು ನಿಂತರೆ ಅವರಿಗೇನು? ಬೌನ್ಸ್ ಚಾರ್ಜು, ದಂಡ, ಕೆಟ್ಟ ಸಿಬಿಲ್ ಸ್ಕೋರು (ಸಾಲ ಸರಿಯಾಗಿ ತೀರಿಸುತ್ತಾರಾ ಅಂತ ಬ್ಯಾಂಕಿನವರು ನೋಡುವ ಅಂಕ) ಎಲ್ಲ ಇವಳ ತಲೆಗೆ. ಖಾತೆಯಲ್ಲಿ ದುಡ್ಡಿಲ್ಲದೆ ಆಟೊ ಡೆಬಿಟ್ (ತಾನಾಗೇ ಕಂತು ಕಡಿತವಾಗೋದು) ಬೌನ್ಸ್ ಆದರೂ ಚೆಕ್ ಬೌನ್ಸಿನ ಹಾಗೆ ಕೇಸ್ ಹಾಕಬಹುದು. ಹಾಗಾಗಿ ಸುಮ್ನೆ ಕೂರಬೇಡ ಅಂದೆ. ಸಾಲದ ಕರಾರು ಮತ್ತು ಒಟ್ಟು ಖರ್ಚಿನ ವಿವರ ಕೊಡಿ ಅಂತ ಫೈನಾನ್ಸ್‌ನವರಿಗೆ ಇಮೇಲ್ ಮಾಡು, ಫೋನಲ್ಲಿ ಬೇಡ. ಆ ವಿವರವನ್ನು ಸಹಿಗೆ ಮುಂಚೆಯೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಸಂಸ್ಥೆಯ ಮೇಲೆ ಮೊದಲು ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಜಾಹೀರಾತು, ವಾಟ್ಸ್ಆ್ಯಪ್ ಮಾತುಕತೆ ಎಲ್ಲ ಇವತ್ತೇ ತೆಗೆದಿಟ್ಟುಕೋ, ನಾಳೆ ಅಳಿಸಿಬಿಟ್ಟಾರು. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಇವಳಿಗೆ ರಾತ್ರಿ ಒಂಬತ್ತೂವರೆಗೂ ಬರುತ್ತಿತ್ತು, ಅದರ ಸ್ಕ್ರೀನ್‌ಶಾಟನ್ನೂ ಜೋಡಿಸಿದೆವು.

ಇಷ್ಟೆಲ್ಲ ಹೇಳಿದರೂ ಅವಳ ಮುಖ ತಿಳಿಯಾಗಲಿಲ್ಲ. ಅಪ್ಪನಿಗೆ ಗೊತ್ತಿಲ್ಲ, ನಿದ್ದೆ ಕೆಡಿಸಿದ್ದು ಅದೇ. ದಡ್ಡಿ ಅಂದುಕೊಳ್ಳುತ್ತಾರೆ ಅನ್ನೋ ಭಯ. ಮೊದಲು ಅಮ್ಮನಿಗೆ ಹೇಳು, ಬಾಯಲ್ಲಿ ಬೇಡ, ಕಟ್ಟಿದ್ದೆಷ್ಟು, ಬಾಕಿ ಎಷ್ಟು, ಯಾರಿಗೆ ಪತ್ರ ಹೋಗಿದೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸು ಅಂದೆ.

ಮುಂದಿನ ವಾರ ಬಂದಾಗ ಮೊಬೈಲ್ ಬ್ಯಾಗಿನೊಳಗಿತ್ತು. ಹಾಳೆ ನೋಡಿ ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ಆ 30 ದಿನ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು ಅವರೇ.